ಐದನೇ ಗಾಲಿ ಮತ್ತು ಎರಡು ಹುಕ್ಕು

ನಾನು ಹಳಿಯಾಳದ ದರ್ಜಿ. ಮೂವತ್ತು ವರ್ಷದಿಂದ ಹೆಂಗಸರ ಜಂಪರು ಹೊಲಿಯುತ್ತಿದ್ದೇನೆ. ಪೇಟೆಯವರು ಅದಕ್ಕೆ ಬ್ಲೌಸ್ ಅನ್ನುತ್ತಾರೆ, ಪುಸ್ತಕದವರು ರವಿಕೆ ಅನ್ನುತ್ತಾರೆ, ಏನಂದರೂ ತೋಳು ಎರಡೇ. "ಹೊಲಿಗಿ ಭಾಳ ಚೊಲೋ, ಆದ್ರ ವಾಯಿದೆ ಪೂರಾ ಸುಳ್ಳು" ಎಂದು ಊರು ನನ್ನ ಬಗ್ಗೆ ಹೇಳುತ್ತದೆ. ಸುಳ್ಳೇನಲ್ಲ. ಯಾರಾದರೂ ಬಾಗಿಲಿಗೆ ಬಂದು "ಆತೇನ್ರಿ?" ಅಂದರೆ, "ಆಗೇತ್ರಿ, ಹುಕ್ಕು ಹಚ್ಚೂದು ಒಂದ ಬಾಕಿ" ಅಂದುಬಿಡುತ್ತೇನೆ. ಆ ಹೊತ್ತಿಗೆ ಬಟ್ಟೆಗೆ ಕತ್ತರಿಯೇ ಬಿದ್ದಿರುವುದಿಲ್ಲ. ಮನೆ ತುಂಬ ಬಟ್ಟೆ, ಊರು ತುಂಬ ಮದುವೆ, ನನಗಿರುವುದು ಎರಡೇ ಕೈ. ಹಾಗೆಂದು ಎದುರಿಗೆ ನಿಂತವರಿಗೆ ಇಲ್ಲ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಈ ಚಾಳಿಗೆ ಮೊದಲು ಬಲಿಯಾದವಳು ನನ್ನ ಶಾಲೆಯ ಗೆಳತಿ. ಇಪ್ಪತ್ತೆಂಟು ವರ್ಷದ ಹಿಂದೆ ಅವಳ ಮದುವೆಗೆ ಹಸಿರು ಖಣದ ಜಂಪರು ಹೊಲಿಯುವ ಕೆಲಸ ನನ್ನದಾಗಿತ್ತು. ಹೊಸದಾಗಿ ಮಷಿನ್ನು ಹಾಕಿದ್ದೆ, ಬಂದವರೆಲ್ಲರ ಬಟ್ಟೆ ಒಪ್ಪಿಕೊಂಡಿದ್ದೆ. ಅವಳು ನಾಲ್ಕು ಸಲ ಬಂದಳು, ನಾಲ್ಕು ಸಲವೂ ಹುಕ್ಕಿನ ಕಥೆ ಹೇಳಿ ಕಳಿಸಿದೆ. ಕೊನೆಗೆ ನಾನು ಜಂಪರು ಹಿಡಿದು ಓಡಿದಾಗ ಮದುವೆ ಮುಗಿದು, ಅವಳು ಗಂಡನ ಮನೆಗೆ ಹೊರಟು ಜೀಪಿನಲ್ಲಿ ಕೂತಿದ್ದಳು. ಚಿಕ್ಕಮ್ಮನ ಜಂಪರು ತೊಟ್ಟು ಮದುವೆಯಾಗಿದ್ದಳು. ಅದು ಅವಳ ಮೈಗೆ ಜೋತಾಡುತ್ತಿತ್ತು. ಮೇ ತಿಂಗಳ ಕುದಿಯುವ ಸೆಕೆಯಲ್ಲಿ ಎರಡೂ ಹೆಗಲ ಮೇಲೆ ಸೆರಗು ಹೊದ್ದುಕೊಂಡು, ಬೆವರು ಒರೆಸಿಕೊಳ್ಳುತ್ತ ಕೂತಿದ್ದು ಅವಳ ಒಂದೊಂದು ಫೋಟೋದಲ್ಲೂ ಇದೆ. ಜೀಪಿನ ಕಿಟಕಿಯಿಂದ ಕೈ ಚಾಚಿ ನನ್ನ ಪೊಟ್ಟಣ ಇಸಿದುಕೊಂಡಳು. ಒಂದು ಮಾತೂ ಆಡಲಿಲ್ಲ. ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವಳ ಗಂಡನಿಗೆ ಸೂಪಾ ಆಣೆಕಟ್ಟಿನ ಕಡೆ ಕೆಲಸ, ಸಂಸಾರ ಜೋಯಿಡಾದಲ್ಲಿ. ವರ್ಷಕ್ಕೊಮ್ಮೆ ಬರುತ್ತಾಳೆ, ಚಹಾ ಕುಡಿಯುತ್ತಾಳೆ, ನಗುತ್ತಾಳೆ. ಆ ಜಂಪರಿನ ಮಾತು ಮಾತ್ರ ತೆಗೆದವಳಲ್ಲ. ಹೋದ ವರ್ಷ ಬಂದು ನನ್ನ ಮುಂದೆ ರೇಷ್ಮೆ ಬಟ್ಟೆ ಇಟ್ಟಳು.

"ಮಗಳ ಲಗ್ನ ಐತಿ. ಹುಡುಗ ಮುಂಡಗೋಡದಾಂವ. ಜಂಪರ ನೀನ ಹೊಲೀಬೇಕು."

ಹಳಿಯಾಳದಲ್ಲಿ ಬೇರೆ ದರ್ಜಿಗಳಿಲ್ಲವೇ? ದಾಂಡೇಲಿಯಲ್ಲಿಲ್ಲವೇ? "ಈ ಸಲ ನಾನ ನನ್ನ ಕೈಯಾರೆ ತಂದು ಕೊಡ್ತೇನಿ" ಅಂದೆ. ಅವಳು ನಕ್ಕಳು. ಆ ನಗುವಿನ ಅರ್ಥ ಏನೆಂದು ಯೋಚಿಸಿ ಯೋಚಿಸಿ ಒಂದು ವಾರ ಊಟ ರುಚಿಸಲಿಲ್ಲ.

ಕೈಯಾರೆ ತಂದು ಕೊಡುತ್ತೇನೆ ಎನ್ನಲು ನನಗೆ ಧೈರ್ಯ ಬಂದದ್ದು ಕಾರಿನಿಂದ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತೆ. ಮಷಿನ್ನಿನ ಪೆಡಲು ತುಳಿದ ಕಾಲಿಗೆ ಕಾರಿನ ಪೆಡಲು ಏನು ಮಹಾ! ಹುಬ್ಬಳ್ಳಿಯ ಶೋರೂಮಿನಲ್ಲಿ ಗಾಡಿ ಒಪ್ಪಿಸಿಕೊಳ್ಳುವ ದಿನ, ಹೊಲಿದ ಬಟ್ಟೆಯನ್ನು ಒಳಮಗ್ಗುಲು ತಿರುವಿ ನೋಡುವ ಅಭ್ಯಾಸದಿಂದ ಡಿಕ್ಕಿಯ ಹಾಸು ಎತ್ತಿ ನೋಡಿದೆ. ಗಾಲಿ ಇರಬೇಕಾದ ಗುಂಡಿಯಲ್ಲಿ ಥರ್ಮಾಕೋಲಿನ ತಟ್ಟೆ, ಅದರಲ್ಲಿ ಒಂದು ಬಿಳಿ ಬಾಟಲಿ, ಪಕ್ಕದಲ್ಲಿ ಟಿಫಿನ್ ಡಬ್ಬಿಯಷ್ಟು ದೊಡ್ಡ ಗಾಳಿ ತುಂಬುವ ಯಂತ್ರ.

"ಸ್ಟೆಪ್ನಿ ಎಲ್ಲಿ ಇಟ್ಟೀರಿ?" ಎಂದು ಶೋರೂಮಿನ ಮೇಡಂ ಅವರನ್ನು ಕೇಳಿದೆ.

"ಈ ಗಾಡಿಗೆ ಸ್ಟೆಪ್ನಿ ಬರೂದಿಲ್ರಿ. ಪಂಚರ್ ಆದ್ರ ಈ ಬಾಟಲಿ ಒಳಗಿಂದು ಟೈರಿಗೆ ಬಿಟ್ಟು ಗಾಳಿ ತುಂಬೂದು. ತೂತು ತಾನ ಮುಚ್ಚತೈತಿ."

"ತೂತು ಬಿದ್ದಿದ್ದು ತಾನ ಮುಚ್ಚೂದನ್ನ ನಾ ಈ ಜನ್ಮದಾಗ ನೋಡಿಲ್ಲ" ಅಂದೆ. ನನಗೆ ಸಿಟ್ಟು ಮೂಗಿನ ಮೇಲೆಯೇ ಇರುತ್ತದೆ. "ನಾ ಒಂದು ಜಂಪರ ಹೊಲದ್ರೂ ಒಳಗ ಎರಡು ಬೆರಳು ಅರಿವಿ ಹೆಚ್ಚಿಗಿ ಮಡಚಿ ಬಿಟ್ಟಿರ್ತೇನಿ. ಮುಂದ ಮೈ ತುಂಬಿದ್ರ ಬಿಚ್ಚಿಕೊಳ್ಳಲಿ ಅಂತ. ನೀವು ಇಷ್ಟು ದೊಡ್ಡ ಗಾಡಿಗೆ ಒಂದು ಗಾಲಿ ಹೆಚ್ಚಿಗಿ ಕೊಡಂಗಿಲ್ಲ?"

ಮೇಡಂ ನಕ್ಕು, ಚಾಕಲೇಟಿನ ಡಬ್ಬಿ ಕೊಟ್ಟು, ಫೋಟೋ ತೆಗೆಸಿ ಕಳಿಸಿದರು. ಫೋಟೋದಲ್ಲಿ ನನ್ನ ಮೋರೆ ನೋಡಿದರೆ ಗಾಡಿ ಕೊಂಡವಳಂತೆ ಕಾಣುವುದಿಲ್ಲ, ಕಳಕೊಂಡವಳಂತೆ ಕಾಣುತ್ತದೆ.

ಗಾಡಿಯ ಪೂಜೆಗೆ ಗಂಡನ ಅಕ್ಕ ಪಕ್ಕದ ಸಾಂಬ್ರಾಣಿ ಹಳ್ಳಿಯಿಂದ ಬಂದರು. ನಾನು ಅವರನ್ನು ಅಕ್ಕಾರು ಅನ್ನುತ್ತೇನೆ. ಅರವತ್ತೈದು ದಾಟಿದರೂ ಹೊಲದಲ್ಲಿ ದಿನವಿಡೀ ನಿಲ್ಲುವ ಗಟ್ಟಿ ಜೀವ. ಶಕುನ, ಶಾಸ್ತ್ರ, ಬಾಯಿ ಮೂರೂ ಜೋರು. ಐದು ನಿಂಬೆಹಣ್ಣು ತಂದಿದ್ದರು. ನಾಲ್ಕನ್ನು ನಾಲ್ಕು ಗಾಲಿಯ ಕೆಳಗಿಟ್ಟು, ಐದನೆಯದನ್ನು ಕೈಯಲ್ಲಿ ಹಿಡಿದು ಗಾಡಿಯ ಸುತ್ತ ಎರಡು ಸುತ್ತು ಹಾಕಿದರು.

"ಐದನೇ ಗಾಲಿ ಎಲ್ಲೈತಿ?"

"ಇಲ್ರಿ ಅಕ್ಕಾರ. ಅದರ ಬದಲಿ ಬಾಟಲಿ ಕೊಟ್ಟಾರ."

"ಬಾಟಲಿ ಮ್ಯಾಲೆ ಗಾಡಿ ಓಡತೈತೇನ? ನಿನಗ ಯಾರೋ ಚೊಲೋ ಟೋಪಿ ಹಾಕ್ಯಾರ ನೋಡು."

ಬೈಯುತ್ತಲೇ ಬಾಟಲಿಗೆ ಮೂರು ಬೆರಳಿನಿಂದ ವಿಭೂತಿ ಎಳೆದು, ಕುಂಕುಮ ಹಚ್ಚಿ, ಐದನೇ ನಿಂಬೆಹಣ್ಣನ್ನು ಅದರ ಪಕ್ಕದಲ್ಲೇ ಇಟ್ಟರು. ವಿಭೂತಿ ಬಳಿದುಕೊಂಡ ಬಾಟಲಿ ಗುಂಡಿಯಲ್ಲಿ ಗಂಭೀರವಾಗಿ ಕೂತಿತು. ಮನೆ ಮುಂದಿನ ತಮ್ಮ ಕಿರಾಣಿ ಅಂಗಡಿ ಬಿಟ್ಟು ಕದಲದ ನನ್ನ ಗಂಡ ಅಂದು ಬಾಗಿಲವರೆಗೆ ಬಂದು ನೋಡಿ ಒಳಗೆ ಹೋದರು.

ಮದುವೆಯ ದಿನ ಬಂತು. ಹನ್ನೊಂದೂವರೆಗೆ ಅಕ್ಕಿಕಾಳಿನ ಮುಹೂರ್ತ, ಜೋಯಿಡಾಕ್ಕೆ ಸ್ವಲ್ಪ ಈಚೆ ರಸ್ತೆ ಬದಿಯ ಸಭಾಭವನದಲ್ಲಿ. ನಾನೂ ಅಕ್ಕಾರೂ ಏಳಕ್ಕೆ ಹೊರಡಬೇಕಿತ್ತು, ಒಂಬತ್ತಕ್ಕೆ ಹೊರಟೆವು. ಯಾಕೆಂದು ಕೇಳಿದವರಿಗೆಲ್ಲ ಇಷ್ಟು ದಿನ ಅಕ್ಕಾರ ಮಂಡಿನೋವಿನ ನೆಪ ಹೇಳಿದ್ದೇನೆ. ಪಾಪ, ಅವರ ಮಂಡಿ ಕಲ್ಲಿನಂತಿದೆ. ಈಗ ನಿಜ ಬರೆಯುತ್ತೇನೆ: ಜಂಪರಿಗೆ ಹುಕ್ಕು ಹಚ್ಚುವುದು ಬಾಕಿ ಇತ್ತು. ಸುಳ್ಳು ಹೇಳುತ್ತ ಬಂದ ಮಾತು ಆ ದಿನ ಅಕ್ಷರಶಃ ನಿಜವಾಗಿತ್ತು. ತೋಳಿನ ಜರಿ ಕೆಲಸವನ್ನು ಮೂರು ಸಲ ಬಿಚ್ಚಿ ಹೊಲಿದಿದ್ದೆ, ಈ ಜಂಪರಿನಲ್ಲಿ ಒಂದು ಎಳೆಯೂ ಡೊಂಕಾಗಬಾರದು ಎಂಬ ಹಟಕ್ಕೆ. ಏಳು ಹುಕ್ಕಿನಲ್ಲಿ ಐದು ಮುಗಿದವು. ಉಳಿದ ಎರಡನ್ನು ಅಲ್ಲೇ ಹೋಗಿ ಹಚ್ಚಿದರಾಯಿತೆಂದು ಸೂಜಿ ದಾರವನ್ನು ಸೆರಗಿಗೆ ಚುಚ್ಚಿಕೊಂಡು ಹತ್ತಿದೆ.

ದಾಂಡೇಲಿಯಲ್ಲಿ ಗೆಳತಿಯ ಫೋನು ಬಂತು. "ಎಲ್ಲಿದ್ದಿ? ಹುಡುಗಿ ಸೀರಿ ಉಡದ ಕುಂತಾಳ."

"ಬಂದೆ ಬಂದೆ, ಸೂಪಾ ದಾಟೇನಿ ನೋಡು" ಅಂದೆ. ಅಕ್ಕಾರು ಪಕ್ಕದಲ್ಲಿ "ಶಿವಶಿವಾ" ಎಂದು ಕಿಟಕಿಯ ಕಡೆ ತಿರುಗಿದರು. ಎದುರಿಗೆ ದಾಂಡೇಲಿಯ ಬಸ್ ಸ್ಟ್ಯಾಂಡ್ ಕಾಣುತ್ತಿತ್ತು.

ಅಲ್ಲಿಂದ ಮುಂದೆ ಕಾಡು, ಫೋನಿಗೆ ನೆಟ್ವರ್ಕ್ ಇಲ್ಲ. ಸೂಪಾವನ್ನು ನಿಜವಾಗಿಯೂ ದಾಟಿ, ಸಭಾಭವನ ಇನ್ನು ಮೂರು ಕಿಲೋಮೀಟರು ಇದೆ ಅನ್ನುವಾಗ ಗಾಡಿ ಎಡಕ್ಕೆ ಎಳೆಯತೊಡಗಿತು. ಇಳಿದು ನೋಡಿದೆ. ಹಿಂದಿನ ಎಡಗಾಲಿ ಚಪ್ಪಟೆ, ನಡುವೆ ನಾಲ್ಕಾಣೆಯಷ್ಟು ಅಗಲ ತಲೆಯ ಮೊಳೆ. ಗಂಟೆ ಹತ್ತೂ ಕಾಲು. ಕಣ್ಣ ಮುಂದೆ ಬಂದದ್ದು ಆ ಹಳೆಯ ಫೋಟೋಗಳೇ. ಈ ಸಲ ಸೆರಗು ಹೊದ್ದು ಕೂತವಳು ಮಗಳು.

"ನಾ ಅವತ್ತ ಹೇಳಿದ್ನೋ ಇಲ್ಲೋ?" ಅಂದರು ಅಕ್ಕಾರು. ನಾನು ಡಿಕ್ಕಿ ತೆಗೆದು, ಒಣಗಿ ಕಪ್ಪಾಗಿದ್ದ ನಿಂಬೆಹಣ್ಣನ್ನು ಸರಿಸಿ, ವಿಭೂತಿಯ ಬಾಟಲಿ ಎತ್ತಿದೆ.

ಜೊತೆಗಿದ್ದ ಕಾಗದದಲ್ಲಿ ಬರಹ ಪೂರಾ ಇಂಗ್ಲಿಷ್, ಅಕ್ಷರ ಸಾಸಿವೆ ಕಾಳಿನಷ್ಟು. ಆದರೆ ಚಿತ್ರಗಳಿದ್ದವು. ಚಿತ್ರ ನೋಡಿ ಕತ್ತರಿಸುವುದು, ಹೊಲಿಯುವುದು ನನ್ನ ಕಸುಬೇ ಅಲ್ಲವೇ? ನನಗೆ ಯಾರೂ ಓದಿ ಹೇಳಬೇಕಿಲ್ಲ ಎಂದು ಜಂಭದಿಂದ ಶುರುಮಾಡಿದೆ. ಮೊದಲ ಚಿತ್ರದಲ್ಲಿ ಮೊಳೆ ಕೀಳುವ ಕೈಗೆ ಅಡ್ಡಗೆರೆ. ಅಷ್ಟರಲ್ಲಿ ಅಕ್ಕಾರು ಮೊಳೆಗೆ ಉಗುರು ಹಾಕಿ ಕೂತಿದ್ದರು.

"ಅಕ್ಕಾರ, ಕೀಳಬ್ಯಾಡ್ರಿ!"

"ಮುಳ್ಳು ಒಳಗ ಇಟ್ಟು ಔಷಧ ಹಚ್ತಾರೇನ ಎಲ್ಲ್ಯಾರ?"

"ಇದು ಕಾಲಲ್ರಿ, ಗಾಲಿ! ಬಿಡ್ರಿ ಅದನ್ನ!"

ಬಿಟ್ಟರು, ಗೊಣಗುತ್ತ. ಬಾಟಲಿಯನ್ನು ಯಂತ್ರಕ್ಕೆ ಸಿಕ್ಕಿಸಿದೆ, ಅದರ ನಳಿಕೆಯನ್ನು ಗಾಲಿಯ ಮೂತಿಗೆ ತಿರುಗಿಸಿದೆ, ವೈರನ್ನು ಗಾಡಿಯೊಳಗೆ ಚುಚ್ಚಿ ಗುಂಡಿ ಒತ್ತಿದೆ. ಯಂತ್ರ ಗರ್ರ್ ಎಂದಿತು. ಬಿಳಿ ಹಾಲಿನಂಥದ್ದು ನಳಿಕೆಯಲ್ಲಿ ಹರಿದು ಒಳಗೆ ಹೋಯಿತು. ಗಾಲಿ ಮೆಲ್ಲಗೆ ಮೈ ತುಂಬಿಕೊಂಡು ಎದ್ದು ನಿಂತಿತು. "ಯವ್ವಾ, ಎದ್ದಿತಲ್ಲೇ!" ಎಂದು ಅಕ್ಕಾರು ಕೈ ಮುಗಿದರು. ನಾನೂ ಮುಗಿದೆ.

ತಪ್ಪಾದದ್ದು ಇಲ್ಲಿಂದ ಮುಂದೆ. ಕೊನೆಯ ಚಿತ್ರದಲ್ಲಿ ಒಂದು ಕಾರು, ಅದರ ತಲೆಯ ಮೇಲೆ ಒಂದು ಗಡಿಯಾರ, ಗಡಿಯಾರದೊಳಗೆ ಹತ್ತು ಎಂಬ ಅಂಕೆ. ಹತ್ತು ನಿಮಿಷ ಬಿಡಬೇಕು, ಔಷಧ ಒಳಗೆ ಹಿಡಿಯಬೇಕು ಎಂದು ನಾನು ಅರ್ಥ ಮಾಡಿಕೊಂಡೆ. ಬಟ್ಟೆಗೆ ಗಂಜಿ ಹಾಕಿದರೂ ಬಿಡುತ್ತೇವಲ್ಲ, ಹಾಗೆ. ಅಕ್ಕಾರಿಗೆ ಚಿತ್ರವೂ ಬೇಕಿರಲಿಲ್ಲ. ಹೊರಟ ದಾರಿಯಲ್ಲಿ ವಿಘ್ನ ಬಂದರೆ ಐದು ನಿಮಿಷ ಕೂತು, ನೀರು ಕುಡಿದು ಏಳಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಸೀನಿದರೂ ಕೂರುತ್ತೇವೆ, ಎಡವಿದರೂ ಕೂರುತ್ತೇವೆ. "ಕುಂದ್ರು, ನೀರು ಕುಡಿ" ಅಂದರು. ರಸ್ತೆ ಬದಿಯ ಮೋರಿಯ ಕಟ್ಟೆಯ ಮೇಲೆ ಕೂತೆ.

ನಾನು ಒಪ್ಪಿ ಕೂತದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಎರಡು ಹುಕ್ಕು. ದೇವರು ಹತ್ತು ನಿಮಿಷ ಕೊಟ್ಟಿದ್ದಾನೆ ಅಂದುಕೊಂಡು ಸೆರಗಿನ ಸೂಜಿ ಕಿತ್ತು ಹಚ್ಚತೊಡಗಿದೆ. ಮೇಲೆ ಮರದಲ್ಲಿ ಕರಿಮೋರೆಯ ಮುಸುವ ಮಂಗ ಕೂತು ನೋಡುತ್ತಿತ್ತು. ಆರನೆಯದು ಮುಗಿಯಿತು. ಏಳನೆಯದಕ್ಕೆ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದು, ಜನ್ಮದಲ್ಲಿ ಮೊದಲ ಬಾರಿ "ಹುಕ್ಕೂ ಆತ್ರಿ ಅಕ್ಕಾರ!" ಎಂದು ಖುಷಿಯಿಂದ ತಲೆ ಎತ್ತಿದೆ.

ಗಾಲಿ ಮತ್ತೆ ಚಪ್ಪಟೆಯಾಗಿತ್ತು. ಮೊಳೆಯ ಬುಡದಿಂದ ಬಿಳಿ ದ್ರವ ಸಣ್ಣಗೆ ಜಿನುಗಿ ಡಾಂಬರಿನ ಮೇಲೆ ಹರಿದಿತ್ತು.

ಅಳು ಬಂತು. ಕೂತಲ್ಲೇ ಅತ್ತುಬಿಟ್ಟೆ. ಅಕ್ಕಾರು ಇನ್ನೊಂದು ಬಾಟಲಿ ಇದೆಯೇನು ಎಂದು ಡಿಕ್ಕಿಯಲ್ಲಿ ತಲೆ ಹಾಕಿದರು, ಇದ್ದದ್ದು ನಿಂಬೆಹಣ್ಣು. ಕಾಗದವನ್ನು ಮುದ್ದೆ ಮಾಡಿ ಎಸೆಯಲು ಕೈ ಎತ್ತಿದವಳು ಮತ್ತೊಮ್ಮೆ ಬಿಡಿಸಿದೆ. ಜಂಪರು ಕೆಟ್ಟಾಗ ಅಳತೆಯ ಚೀಟಿಯನ್ನು ಮತ್ತೆ ನೋಡುವಂತೆ, ಈ ಸಲ ಬೆರಳಿಟ್ಟು ನೋಡಿದೆ. ಗಡಿಯಾರದ ಕೆಳಗಿನ ಆ ಕಾರಿನ ಗಾಲಿಗಳ ಹಿಂದೆ ಮೂರು ಸಣ್ಣ ಗೆರೆಗಳಿದ್ದವು. ಕಾರು ಓಡುತ್ತಿತ್ತು! ಹತ್ತು ನಿಮಿಷ ಓಡಿಸಬೇಕು. ಪಕ್ಕದಲ್ಲೇ ಐದು ಕಿಲೋಮೀಟರಿನ ಲೆಕ್ಕವೂ ಇತ್ತು. ಗಾಲಿ ತಿರುಗಿದರೆ ತಾನೇ ಔಷಧ ಸುತ್ತ ಹರಿದು ತೂತಿಗೆ ಹೋಗಿ ಕೂರುವುದು? ನಾನು ಅದನ್ನು ತಳದಲ್ಲಿ ನಿಲ್ಲಿಸಿ, ನೀರು ಕುಡಿಯುತ್ತ ಕೂತಿದ್ದೆ.

"ಅಕ್ಕಾರ, ಒಳಗ ಹತ್ರಿ. ಗಾಲ್ಯಾಗ ಔಷಧ ಇನ್ನ ಸ್ವಲ್ಪ ಉಳಿದಿರಬೇಕು. ಗಾಳಿ ತುಂಬಿದ ಕೂಡಲೇ ಹೊರಡೂದು. ಎಲ್ಲೂ ನಿಲ್ಲಂಗಿಲ್ಲ."

"ಲಗ್ನದ ಮನ್ಯಾಗೂ ನಿಲ್ಲಂಗಿಲ್ಲೇನ?"

"ಐದು ಕಿಲೋಮೀಟರ್ ಆಗೂತನ ಅಪ್ಪ ಬಂದ್ರೂ ನಿಲ್ಲಂಗಿಲ್ಲ!"

ಈಗ ಕೂತು ಯೋಚಿಸಿದರೆ ಸಭಾಭವನದ ಮುಂದೆ ಅರೆಗಳಿಗೆ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಒಮ್ಮೆ ಕೂತು ಕೈ ಸುಟ್ಟುಕೊಂಡವಳಿಗೆ ನಿಲ್ಲುವ ಧೈರ್ಯ ಬರಲಿಲ್ಲ. ಬರೀ ಗಾಳಿ ತುಂಬಿ, ನಳಿಕೆ ಕಿತ್ತು, ಮುಚ್ಚಳ ತಿರುಗಿಸಿ ಓಡಿ ಬಂದು ಸ್ಟೇರಿಂಗ್ ಹಿಡಿದೆ. ಮೊದಲು ಗಾಲಿ ಧಬ್ ಧಬ್ ಎನ್ನುತ್ತಿತ್ತು. ಒಂದು ಕಿಲೋಮೀಟರು ಆದ ಮೇಲೆ ಸದ್ದು ಕಡಿಮೆಯಾಯಿತು. ಎರಡಾದ ಮೇಲೆ ಗಾಡಿ ಎಳೆಯುವುದನ್ನೂ ಬಿಟ್ಟಿತು. ಮೂರನೆಯದಕ್ಕೆ ಸಭಾಭವನದ ಚಪ್ಪರ ಕಂಡಿತು, ರಸ್ತೆ ಅಂಚಿನಲ್ಲಿ ನಮ್ಮ ದಾರಿ ಕಾಯುತ್ತ ನಿಂತ ಗೆಳತಿಯೂ ಕಂಡಳು. ಗಾಡಿಯನ್ನು ಗುರುತಿಸಿ ಎರಡೂ ಕೈ ಮೇಲೆತ್ತಿದಳು.

"ಅಕ್ಕಾರ, ಚೀಲ ಒಗೀರಿ!"

ಅಕ್ಕಾರದು ಸಾಂಬ್ರಾಣಿಯ ಹೊಲದಲ್ಲಿ ಕಾಲಕಾಲದಿಂದ ಮಂಗಗಳಿಗೆ ಕಲ್ಲು ಬೀಸಿದ ಕೈ. ಕಿಟಕಿಯಿಂದ ಅರ್ಧ ಮೈ ಹೊರಹಾಕಿ "ಹಿಡಿಯವ್ವಾ!" ಎಂದು ಬೀಸಿ ಒಗೆದರು. ಜಂಪರಿನ ಚೀಲ ಹಾರಿ ಗೆಳತಿಯ ಎದೆಗೇ ಹೋಗಿ ಬಡಿಯಿತು. ಅವಳು ಅದನ್ನು ಅಪ್ಪಿಕೊಂಡು, ಬಾಯಿ ತೆರೆದು, ನಿಲ್ಲದೆ ಮುಂದೆ ಹೋಗುತ್ತಿದ್ದ ನಮ್ಮನ್ನೇ ನೋಡುತ್ತ ನಿಂತದ್ದು ಕನ್ನಡಿಯಲ್ಲಿ ಕಂಡಿತು. ಚಪ್ಪರದಲ್ಲಿದ್ದ ಬೀಗರೂ ಕತ್ತು ಉದ್ದ ಮಾಡಿ ನೋಡಿದರು. ಮುಂಡಗೋಡದವರು ನಮ್ಮ ಊರಿನ ಬಗ್ಗೆ ಏನು ತಿಳಿದುಕೊಂಡರೋ.

ಇನ್ನೆರಡು ಕಿಲೋಮೀಟರು ಮುಂದೆ ಹೋಗಿ, ಐದಾಯಿತೆಂದು ಖಾತ್ರಿ ಮಾಡಿಕೊಂಡು ತಿರುಗಿಸಿದೆ. ಗಾಲಿ ಕಲ್ಲಿನಂತಿತ್ತು. ಮರುದಿನ ದಾಂಡೇಲಿಯ ಪಂಚರಿನವರು ಟೈರು ಬಿಚ್ಚಿ ಒಳಗೆ ಕೈಯಾಡಿಸಿ, "ಏನ್ರೀ ಇದು, ಗಾಲ್ಯಾಗ ಖೀರು ಕಾಸೀರೇನು?" ಎಂದು ನನ್ನ ಮಾನ ಹರಾಜು ಹಾಕಿದರು. ಅದೇ ದಿನ ಬೇರೆಯಾಗಿ ಒಂದು ಸ್ಟೆಪ್ನಿ ಕೊಂಡು ಡಿಕ್ಕಿಯಲ್ಲಿ ಹಾಕಿದೆ, ಹೊಸ ಬಾಟಲಿಯನ್ನೂ ಇಟ್ಟಿದ್ದೇನೆ. ಅಕ್ಕಾರು ಎರಡಕ್ಕೂ ವಿಭೂತಿ ಹಚ್ಚಿದ್ದಾರೆ.

ಅಂದು ನಾವು ಸಭಾಭವನದೊಳಗೆ ಕಾಲಿಟ್ಟಾಗ ಅಕ್ಕಿಕಾಳಿಗೆ ಇನ್ನೂ ಹೊತ್ತಿತ್ತು. ಹುಡುಗಿ ಸೀರೆ ಉಟ್ಟು ಸಿದ್ಧಳಾಗಿದ್ದಳು. ಜಂಪರು ಅವಳ ಮೈಗೆ ಅಚ್ಚು ಹೊಯ್ದಂತೆ ಕೂತಿತ್ತು, ಏಳು ಹುಕ್ಕೂ ಭದ್ರವಾಗಿದ್ದವು. ಫೋಟೋದವರು ಹೇಳಿದಂತೆಲ್ಲ ತಿರುಗುತ್ತಿದ್ದಳು. ಹೆಗಲ ಮೇಲೆ ಒಂದೇ ಮಗ್ಗುಲಿಗೆ ಸೆರಗು. ಅದನ್ನು ನೋಡಿ ನನ್ನ ಜೀವ ತಂಪಾಯಿತು.

ಆಮೇಲೆ ಗೆಳತಿ ಹತ್ತಿರ ಬಂದಳು. ರಸ್ತೆಯ ಗಡಿಬಿಡಿಯಲ್ಲಿ ನೋಡಿರಲಿಲ್ಲ, ಈಗ ನೋಡಿದೆ. ತೊಟ್ಟದ್ದು ಹಸಿರು ಖಣದ ಜಂಪರು, ಅಂಚಿಗೆ ಕೆಂಪು ದಡಿ. ಇಪ್ಪತ್ತೆಂಟು ವರ್ಷದ ಹಿಂದಿನ ನನ್ನದೇ ಕೈಯ ಹೊಲಿಗೆ. ಒಂದು ದಿನವೂ ತೊಡದೆ ಇಟ್ಟಿದ್ದಕ್ಕೆ ಬಣ್ಣ ಹೊಸದರಂತಿತ್ತು.

"ಇದು... ನಿನಗ ಹೆಂಗ ಹಿಡಸ್ತು?" ಎಂದು ಕೇಳಿದೆ. ಅವಳು ಈಗ ನನ್ನಷ್ಟೇ ದಪ್ಪ.

"ಒಳಗ ಎರಡು ಬೆರಳು ಅರಿವಿ ನೀನ ಬಿಟ್ಟಿದ್ದಿ ಅಲ್ಲಾ" ಅಂದಳು. "ಬಿಚ್ಚಿಕೊಂಡೆ. ಮಗಳ ಲಗ್ನಕ್ಕ ತೊಡಬೇಕಂತ ಅವತ್ತ ಜೀಪಿನ್ಯಾಗ ಕುಂತಾಗ ಅಂದ್ಕೊಂಡಿದ್ದೆ."

ಅವತ್ತೇ. ನಾನು ತಲೆ ತಗ್ಗಿಸಿ ನಿಂತಾಗ, ಅವಳು ಒಂದು ಮಾತೂ ಆಡದೆ ಕೂತಾಗ. ನಾನು ಅಷ್ಟು ವರ್ಷ ಅದನ್ನು ಸಿಟ್ಟು ಎಂದುಕೊಂಡು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದೆನಲ್ಲ! ಎಲ್ಲರ ಎದುರಿಗೇ ಅತ್ತುಬಿಟ್ಟೆ. ಅವಳೂ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ಬಲಗೈ ಎತ್ತಿ ತೋರಿಸಿದಳು. ಕಂಕುಳ ಕೆಳಗಿನ ಹೊಲಿಗೆ ಅಂಕುಡೊಂಕು. ತಾನೇ ಕೈಯಿಂದ ಹಾಕಿಕೊಂಡಿದ್ದಳು, ಮೂರು ಬೆರಳಿನಷ್ಟು ಬಿಟ್ಟೂ ಹೋಗಿತ್ತು.

"ನೀ ಒಗಿಸಿದ ಚೀಲ ಹಿಡಿಯಾಕ ಹೋಗಿ ಹರದೈತಿ. ನೆಟ್ಟಗ ಹೊಲದ ಕೊಡು. ಅವಸರಿಲ್ಲ, ಇನ್ನೂ ಇಪ್ಪತ್ತೆಂಟು ವರ್ಷ ತಗೋ."

"ಕೈ ಹಂಗ ಎತ್ತಿ ನಿಂದ್ರು" ಅಂದೆ.

ಸೂಜಿ ಸೆರಗಿನಲ್ಲೇ ಇತ್ತು, ದಾರವೂ ಇತ್ತು. ಅವಳನ್ನು ಒಳಕೋಣೆಗೆ ಎಳೆದುಕೊಂಡು ಹೋಗಿ ನಿಲ್ಲಿಸಿದೆ. ಅಕ್ಕಾರು ಬಾಗಿಲಿಗೆ ಅಡ್ಡ ನಿಂತರು. ಹೊರಗಿನಿಂದ ಯಾರೋ "ಹುಡುಗಿ ತಾಯಿ ಎಲ್ಲಿ? ಕರೀರಿ!" ಎಂದು ಕೂಗಿದರು. ಎರಡು ಸಲ ಹೊಲಿದು, ಗಂಟು ಹಾಕಿ, ದಾರ ಕಡಿದೆ.

"ಆತೇನ?" ಅಂದಳು.

"ಆತು" ಅಂದೆ. ಅವಳು ಹೊರಗೆ ಹೋಗಿ ಮಗಳ ಪಕ್ಕದಲ್ಲಿ ನಿಂತ ಮೇಲೆ ಅಕ್ಕಿಕಾಳು ಬಿದ್ದವು.